ಮೈ ಬೆಚ್ಚಗಿದೆ, ಅಷ್ಟೇ

ಮಂಗಳೂರು
೧೨ ಜೂನ್ ೨೦೨೪

ಮಾವ, ನಮಸ್ಕಾರ.

ಹಾಸ್ಟೆಲಿಗೆ ಸುಖವಾಗಿ ಮುಟ್ಟಿದೆ. ಮಂಜುಗಡ್ಡೆಯ ಡಬ್ಬವೂ ಮುಟ್ಟಿತು. ಉಪ್ಪಿನಂಗಡಿಯಲ್ಲಿ ಬಸ್ಸು ನಿಂತಾಗ ಕಂಡಕ್ಟರ್ "ಇದರಲ್ಲಿ ಎಂತ, ಮೀನು ಉಂಟಾ?" ಎಂದು ಕೇಳಿದ. "ನನ್ನ ಮಾವನ ರಕ್ತ" ಎಂದೆ. ಆಮೇಲೆ ಮಂಗಳೂರಿನವರೆಗೂ ಅವನು ನನ್ನ ಸೀಟಿನ ಹತ್ತಿರ ಸುಳಿಯಲಿಲ್ಲ.

ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ. ನಿಮ್ಮ ಮಗರಾಯ ಕೌಶಲ್ ಭಾವ ನಡುವೆ ನಿಂತು ಕೂಗಿ ಹೇಳಿದರೆ ಅದರಲ್ಲಿ ಅರ್ಧ ಅವನದೇ ಮಾತು ಸೇರಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮ ಹೇಳುವುದು ಸರಿ: "ನನ್ನಣ್ಣನಿಗೆ ಹೇಳಿದ್ದು ಕೇಳುದಿಲ್ಲ, ಬರೆದದ್ದು ಮರೆಯುದಿಲ್ಲ."

ನಿಮ್ಮ ರಕ್ತ ತಂದು ಎಂತ ಮಾಡುತ್ತೇನೆ ಎಂದು ಕೇಳಿದಿರಲ್ಲ, ಹೇಳುತ್ತೇನೆ. ದನಗಳು ದಿನ ತುಂಬುವ ಮೊದಲೇ ಗರ್ಭ ಇಳಿದು ಕಂದು ಹಾಕುವ ರೋಗ ನಿಮಗೆ ಗೊತ್ತುಂಟು. ಅದರ ರೋಗಾಣು ಮನುಷ್ಯರಿಗೂ ಅಂಟುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಸೊಂಟನೋವು. ಬಸುರಿಗೆ ಅಂಟಿದರೆ ಹೊಟ್ಟೆಯ ಮಗುವಿಗೂ ಕುತ್ತು. ಈಗಿರುವ ರಕ್ತಪರೀಕ್ಷೆಯಲ್ಲಿ ಸತ್ತ ರೋಗಾಣುವನ್ನು ಇಡಿಯಾಗಿ ಬಳಸುತ್ತಾರೆ. ಅದು ದೂರದಿಂದ ಬಿಳಿ ಪಂಚೆ ನೋಡಿ "ಅಗೋ ತ್ಯಾಂಪಣ್ಣ ರೈ ಬಂದರು" ಎಂದ ಹಾಗೆ. ಪಂಚೆ ಉಟ್ಟವರೆಲ್ಲ ತ್ಯಾಂಪಣ್ಣ ಆಗುತ್ತಾರೆ. ಒಮ್ಮೊಮ್ಮೆ ನೀವು ಲುಂಗಿ ಉಟ್ಟು ಬಂದರೆ ನೀವೇ ಅಲ್ಲ ಎನ್ನುತ್ತದೆ. ನಾವು ಮಾಡುವುದು ಬೇರೆ. ಆ ರೋಗಾಣುವಿಗೆ ಮಾತ್ರ ಇರುವ ಒಂದು ಸಣ್ಣ ತುಣುಕನ್ನು, ನಿಮ್ಮ ಕಿವಿಯ ಹಿಂದಿನ ಮಚ್ಚೆಯಂಥದ್ದನ್ನು, ಲ್ಯಾಬಿನಲ್ಲೇ ಕೃತಕವಾಗಿ ಜೋಡಿಸುತ್ತೇವೆ. ಅದಕ್ಕೆ ಪೆಪ್ಟೈಡ್ ಎಂದು ಹೆಸರು. ಪ್ಲಾಸ್ಟಿಕ್ ತಟ್ಟೆಯ ಗುಳಿಗಳಲ್ಲಿ ಅದನ್ನು ಅಂಟಿಸಿ ರಕ್ತದ ತಿಳಿ ಹಾಕುತ್ತೇವೆ. ರೋಗಾಣುವನ್ನು ಮೊದಲೇ ಕಂಡ ರಕ್ತವಾದರೆ ಆ ಮಚ್ಚೆಯನ್ನು ಗುರುತು ಹಿಡಿಯುತ್ತದೆ, ಗುಳಿ ಹಳದಿಯಾಗುತ್ತದೆ. ಕಾಣದ ರಕ್ತವಾದರೆ ನೀರಿನ ಹಾಗೆ ಉಳಿಯುತ್ತದೆ.

ರೋಗಿಗಳ ರಕ್ತ ಆಸ್ಪತ್ರೆಯಿಂದ ಸಿಕ್ಕಿತು. ಹೋಲಿಸಿ ನೋಡಲು ದನ ಸಾಕುವ ಊರಿನ ಆರೋಗ್ಯವಂತರ ರಕ್ತ ಬೇಕಿತ್ತು. ನಮ್ಮ ಗೈಡ್ ಮುಫೀದಾ ಮೇಡಂ "ಎಲ್ಲಿಂದ ತರ್ತೀ?" ಎಂದಾಗ ನಾನು ಎದೆ ಉಬ್ಬಿಸಿ "ನನ್ನ ಮಾವನ ಮನೆಯವರಿಗಿಂತ ಗಟ್ಟಿ ಜನ ಎಲ್ಲಿ ಸಿಗ್ತಾರೆ ಮೇಡಂ?" ಎಂದೆ. ಹೆಸರು ಕೆಡಿಸಬೇಡಿ ಮತ್ತೆ.

ನಿಮ್ಮ ಸೊಸೆ ಸುಪ್ರಿತಕ್ಕನಿಗೆ ಸೂಜಿ ಚುಚ್ಚಿದ ಕಡೆ ಕಪ್ಪಾಗಿತ್ತು. ಹೋಯಿತಾ ಎಂದು ಕೇಳಿ ತಿಳಿಸಿ.

ನಿಮ್ಮ ತಂಗಿಯ ಮಗಳು,
ನಿಖಿತಾ


ಆಲಂಕಾರು, ಕಡಬ ತಾಲೂಕು
೩೦ ಜೂನ್ ೨೦೨೪

ನಿಖಿತಾ ಮಗಾ,

ಪತ್ರ ಬಂತು. ಪೋಸ್ಟ್‌ಮ್ಯಾನ್ ಶ್ರೀರಾಮನಿಗೇ ಆಶ್ಚರ್ಯ. "ಕರೆಂಟ್ ಬಿಲ್ಲು ಅಲ್ಲ ಮಾರಾಯ್ರೆ, ಕೈಯಲ್ಲಿ ಬರೆದದ್ದು!" ಎಂದು ಅಂಗಳದಿಂದಲೇ ಕೂಗಿದನಂತೆ. ನನಗೆ ಕೇಳಲಿಲ್ಲ, ನಿನ್ನ ಅತ್ತೆ ಹೇಳಿದಳು.

ಪಂಚೆಯ ಉದಾಹರಣೆ ಕೊಟ್ಟದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ ತಲೆಗೆ ಹೋಗುತ್ತಿರಲಿಲ್ಲ. ಸುಪ್ರಿತಾಳ ಕೈಯ ಕಪ್ಪು ಹೋಗಿದೆ. ಕೆಲಸದ ಚೆನ್ನು ಮಾತ್ರ ಈಗಲೂ ಕೊಟ್ಟಿಗೆಯಲ್ಲಿ ಸೆಗಣಿ ತೆಗೆಯುವಾಗ "ಆ ಹುಡುಗಿ ನನ್ನ ಅರ್ಧ ನೆತ್ತರು ಕೊಂಡೋಗಿದೆ, ಭಾರ ಎತ್ಲಿಕ್ಕೆ ಆಗುದಿಲ್ಲ" ಎಂದು ನೆಪ ಹೇಳುತ್ತಾಳೆ. ಕಳ್ಳಿ.

ಇಲ್ಲಿ ಎಲ್ಲ ಕ್ಷೇಮ. ಸೊಂಟ ಮಾತ್ರ ಹಟ ಹಿಡಿದಿದೆ. ವಯಸ್ಸಾಯಿತಲ್ಲ. ಸಂಜೆ ಹೊತ್ತಿಗೆ ಮೈ ಸ್ವಲ್ಪ ಬೆಚ್ಚಗಾಗುತ್ತದೆ, ಬೆಳಿಗ್ಗೆ ಏಳುವಾಗ ಬನಿಯನು ಹಿಂಡುವಷ್ಟು ಒದ್ದೆ. ನಿನ್ನ ಅತ್ತೆ ಜ್ವರ ಎನ್ನುತ್ತಾಳೆ. ನಮ್ಮ ಅಪ್ಪ ಹೇಳುತ್ತಿದ್ದರು: ಗಂಜಿ ಕುಡಿದು ಮಗುಚಿ ಮಲಗಿದರೆ ಅದು ಜ್ವರ, ಎದ್ದು ಓಡಾಡುವವನಿಗೆ ಬಂದದ್ದು ಜ್ವರ ಅಲ್ಲ. ಮೈ ಬೆಚ್ಚಗಿದೆ, ಅಷ್ಟೇ. ಈ ಮನೆಯಲ್ಲಿ ಎಲ್ಲರಿಗೂ ನಾನು ಅದನ್ನೇ ಹೇಳಿಕೊಟ್ಟಿದ್ದೇನೆ.

ಮೊನ್ನೆ ಕೃಷ್ಣಮೋಹನನ ದನಕ್ಕೆ ಕರು ಅಡ್ಡ ನಿಂತಿತ್ತು. ನಾನೇ ಹೋಗಿ ಕೈ ಹಾಕಿ ತಿರುಗಿಸಿ ತೆಗೆದೆ. ಹೆಣ್ಣು ಕರು. ಈ ಊರಿನ ಕರುಗಳೆಲ್ಲ ಮೊದಲು ಕಂಡದ್ದು ನನ್ನ ಕೈಯನ್ನು ಎಂದು ಜನ ಹೇಳುತ್ತಾರೆ. ಬಾಯಲ್ಲಿ ಬೇಡ ಎಂದರೂ ಕೇಳಲು ಹಿತವಾಗುತ್ತದೆ, ಸುಳ್ಳು ಏಕೆ ಹೇಳಲಿ.

ಹೊಟ್ಟೆ ತುಂಬ ಊಟ ಮಾಡು.

ನಿನ್ನ ಮಾವ,
ತ್ಯಾಂಪಣ್ಣ ರೈ


ಮಂಗಳೂರು
೧೮ ಆಗಸ್ಟ್ ೨೦೨೪

ಮಾವ,

ಬರೆಯಲು ತಡವಾಯಿತು. ಅಳುವುದೊಂದು ಬಾಕಿ, ಅಷ್ಟು ತಲೆಬಿಸಿ.

ಪೆಪ್ಟೈಡು ಕೈಕೊಟ್ಟಿದೆ. ರೋಗಿಗಳ ರಕ್ತಕ್ಕೆ ಚಂದವಾಗಿ ಹಳದಿಯಾಗುತ್ತದೆ. ಹಾಸ್ಟೆಲಿನ ಹುಡುಗಿಯರ ರಕ್ತಕ್ಕೆ ನೀರಿನ ಹಾಗೆ ಇರುತ್ತದೆ. ಆದರೆ ನಿಮ್ಮ ಮನೆಯಿಂದ ತಂದ ಐದು ಟ್ಯೂಬುಗಳಲ್ಲಿ ಎರಡು ಹಳದಿಯಾಗುತ್ತವೆ. ಒಮ್ಮೆ ಅಲ್ಲ, ಮಾಡಿದಾಗಲೆಲ್ಲ. ಪೆಪ್ಟೈಡ್ ಬದಲಿಸಿ ರೋಗಾಣುವಿನ ಬೇರೆ ತುಣುಕು ತರಿಸಿದೆ. ಮತ್ತೆ ಅವೇ ಎರಡು. ಯಾರದೆಂದು ನನಗೆ ಗೊತ್ತಿಲ್ಲ. ಟ್ಯೂಬಿನ ಮೇಲೆ ಸಂಖ್ಯೆ ಮಾತ್ರ ಇರುತ್ತದೆ, ಹೆಸರುಗಳನ್ನು ಮೇಡಂ ನನ್ನಿಂದಲೂ ಮುಚ್ಚಿಟ್ಟಿದ್ದಾರೆ. ಹೆಸರು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಬಣ್ಣವನ್ನೇ ನೋಡುತ್ತದಂತೆ.

ನಾನು "ಈ ತುಣುಕು ಕೆಲಸಕ್ಕೆ ಬಾರದು, ಮಣ್ಣಿನ ಬೇರೆ ಯಾವುದೋ ರೋಗಾಣುವಿಗೂ ಹಳದಿಯಾಗ್ತಾ ಉಂಟು, ಬಿಸಾಡುವ" ಎಂದೆ. ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ತಟ್ಟೆ ಸುಳ್ಳು ಹೇಳುದು ಕಮ್ಮಿ ನಿಖಿತಾ, ಮನುಷ್ಯರು ಹೇಳುದು ಜಾಸ್ತಿ. ಇವರು ಆರೋಗ್ಯವಂತರು ಅಂತ ನಿನಗೆ ಹೇಳಿದ್ದು ಯಾರು?" ಎಂದರು. ನನಗೆ ಸಿಟ್ಟು ಬಂತು. "ನನ್ನ ಮಾವ" ಎಂದೆ. ಜ್ವರ ಬಂದಿತ್ತಾ, ಮನೆಯ ದನ ಕಂದು ಹಾಕಿತ್ತಾ ಎಂದು ಒಬ್ಬೊಬ್ಬರನ್ನೂ ಕೇಳಿದ್ದೆ ತಾನೇ? ಎಲ್ಲರೂ ಇಲ್ಲ ಎಂದೇ ಹೇಳಿದಿರಿ.

ಆದರೆ ಮಾವ, ನಿಮ್ಮ ಕಳೆದ ಪತ್ರವನ್ನು ಇವತ್ತು ಮತ್ತೆ ತೆಗೆದು ಓದಿದೆ. ಆ ಒದ್ದೆ ಬನಿಯನು ನನಗೆ ಹಿತವಾಗಲಿಲ್ಲ. ಒಮ್ಮೆ ಪುತ್ತೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ. ನನಗೋಸ್ಕರ.

ನಿಖಿತಾ


ಆಲಂಕಾರು
೯ ಅಕ್ಟೋಬರ್ ೨೦೨೪

ಮಗಾ,

ಮೊದಲು ಸಿಹಿ ಸುದ್ದಿ. ನಮ್ಮ ಸೊಸೆ ಸುಪ್ರಿತಾಳಿಗೆ ಮೂರು ತಿಂಗಳು. ನೀನೂ ಫೋನಿನಲ್ಲಿ ಕೇಳಿರುತ್ತೀ, ಆದರೆ ನನ್ನ ಕೈಯಿಂದ ಬರೆದು ತಿಳಿಸಬೇಕು ಎಂದು ಆಸೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನೆಯಲ್ಲಿ ತೊಟ್ಟಿಲು ಕಟ್ಟುವ ಯೋಗ ಬಂತು. ಕೌಶಲ್ ಉಪ್ಪಿನಂಗಡಿಯ ಟಯರ್ ಅಂಗಡಿಯಲ್ಲಿ ಬಂದವರಿಗೆಲ್ಲ ಲಡ್ಡು ಹಂಚಿದನಂತೆ, ಪಂಕ್ಚರ್ ಹಾಕಿಸಲು ಬಂದವರಿಗೂ.

ಡಾಕ್ಟರಲ್ಲಿಗೆ ಹೋಗಲಿಲ್ಲ, ಬೈಯಬೇಡ. ನಮ್ಮ ದನ ಕೆಂಪಿಯದ್ದೇ ಗಲಾಟೆಯಾಯಿತು. ದಿನ ತುಂಬುವ ಮೊದಲೇ ಕಂದು ಹಾಕಿತು. ಕಂದಿನ ಹಿಂದೆ ಬೀಳಬೇಕಾದ ಮಾಸು ಬೀಳದೆ ನಾನೇ ಕೈ ಹಾಕಿ ಬಿಡಿಸಿದೆ. ಬೈಹುಲ್ಲಿನಲ್ಲಿ ಸುತ್ತಿ ಗೋಳಿಮರದ ಕೊಂಬೆಗೆ ಕಟ್ಟಿದೆ. ಹಾಲು ಬರುವ ಮರಕ್ಕೆ ಮಾಸು ಕಟ್ಟಿದರೆ ದನದ ಹಾಲು ಬತ್ತುವುದಿಲ್ಲ, ನಾಯಿ ತಿಂದರೆ ಬತ್ತುತ್ತದೆ ಎಂಬುದು ನಿನಗೆ ಗೊತ್ತುಂಟಲ್ಲ. ಮರ ಹತ್ತುವಾಗ ಸೊಂಟ ಪ್ರಾಣ ತೆಗೆಯಿತು. ಕಳೆದ ಏಪ್ರಿಲಿನಲ್ಲಿ ಬಿಸು ಹಬ್ಬದ ಹೊತ್ತಿಗೆ ಬೊಳ್ಳಿ ಕಂದು ಹಾಕಿದಾಗ ಚೆನ್ನು ರಜೆಯಲ್ಲಿದ್ದಳು, ನನಗೆ ಬಗ್ಗಲಾಗದೆ ಸುಪ್ರಿತಾಳೇ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಕಟ್ಟಿಕೊಟ್ಟಿದ್ದಳು. ಹಲಸಿನಕಾಯಿ ಕೊಯ್ದು ಕೈ ಗಾಯ ಮಾಡಿಕೊಂಡಿದ್ದಳು ಪಾಪ, ಆದರೂ ಇಲ್ಲ ಎನ್ನಲಿಲ್ಲ. ಈ ಸಲ ಬಸುರಿ ಎಂದು ಹತ್ತಿರ ಸೇರಿಸಲಿಲ್ಲ.

ನೀನು ಕೇಳಿದಾಗ ಬೊಳ್ಳಿಯ ವಿಷಯ ಹೇಳದೆ ಇದ್ದದ್ದಕ್ಕೆ ಕಾರಣ ಉಂಟು. ಅದು ತೋಡಿನ ಬದಿಯಲ್ಲಿ ಜಾರಿ ಬಿದ್ದಿತ್ತು. ಜಾರಿ ಬಿದ್ದು ಕಂದು ಹಾಕಿದ್ದು ರೋಗ ಹೇಗಾಗುತ್ತದೆ?

ಸುಪ್ರಿತಾಳಿಗೆ ಊಟ ಸೇರುವುದಿಲ್ಲ, ಸುಸ್ತು. ನಿನ್ನ ಅತ್ತೆ ಹೇಳುತ್ತಾಳೆ ಬಸುರಿಯರಿಗೆ ಅದು ಸಹಜ ಎಂದು.

ನಿನ್ನ ಮಾವ


ಮಂಗಳೂರು
೧೪ ಅಕ್ಟೋಬರ್ ೨೦೨೪

ಮಾವ,

ನಿಮ್ಮ ಪತ್ರ ಇವತ್ತು ಬಂತು. ಕೌಶಲ್ ಭಾವನಿಗೆ ಆಗಲೇ ಫೋನ್ ಮಾಡಿದ್ದೇನೆ. ಅವನು ನಿಮಗೆ ಅರ್ಧಂಬರ್ಧ ಹೇಳಿರುತ್ತಾನೆ, ಅದಕ್ಕೇ ಇದನ್ನು ಬರೆದು ಪುತ್ತೂರಿಗೆ ಹೋಗುವ ಗೆಳತಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಪೆಪ್ಟೈಡ್ ತಪ್ಪಿಲ್ಲ ಮಾವ. ತಪ್ಪಿದ್ದು ನಾನು. ನಿಮ್ಮ ಮನೆಯ ಐದು ಮಂದಿಯಲ್ಲಿ ಇಬ್ಬರ ಮೈಗೆ ರೋಗ ಹೊಕ್ಕಿದೆ. ಬೊಳ್ಳಿ ಜಾರಿ ಬಿದ್ದದ್ದು ನಿಜವೇ ಇರಬಹುದು, ಆದರೆ ಕೆಂಪಿಯೂ ಜಾರಿತ್ತಾ? ಆ ಮಾಸಿನಲ್ಲಿ ರೋಗಾಣು ಕಿಕ್ಕಿರಿದಿರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಗಾಯದ ದಾರಿಯಲ್ಲಿ ಒಳಗೆ ಹೋಗುತ್ತದೆ. ಸುಪ್ರಿತಕ್ಕನ ಕೈಯಲ್ಲಿ ಗಾಯ ಇತ್ತು ಎಂದು ನೀವೇ ಬರೆದಿದ್ದೀರಿ.

ನಮ್ಮ ಪರೀಕ್ಷೆ ಇನ್ನೂ ಪಾಸಾಗಿಲ್ಲ. ಅದರ ಫಲಿತಾಂಶ ಯಾರಿಗೂ ಹೇಳಬಾರದೆಂದು ನಿಯಮ. ಮೇಡಂ ಅಂದರು, "ಮುಚ್ಚಿಟ್ಟ ಹೆಸರು ತೆರೆಯಲು ಸಂಶೋಧನೆಯ ನೀತಿ ಸಮಿತಿ ಒಪ್ಪಬೇಕು. ಆದ್ರೆ ಡಾಕ್ಟ್ರ ಹತ್ರ ಹೋಗಿ ಅಂತ ಹೇಳ್ಲಿಕ್ಕೆ ಯಾರ ಅಪ್ಪಣೆಯೂ ಬೇಡ." ಹಾಗಾಗಿ ಹೇಳುತ್ತಿದ್ದೇನೆ. ಐದೂ ಜನ ನಾಳೆಯೇ ಹೋಗಿ ಪರೀಕ್ಷೆ ಮಾಡಿಸಿ. ದನಗಳ ರಕ್ತ ತೆಗೆಯಲು ಪಶುವೈದ್ಯರನ್ನು ಕರೆಸಿ. ಹಾಲು ಉಕ್ಕಿ ಬರುವ ಹಾಗೆ ಕುದಿಸಿ. ಮರದಲ್ಲಿರುವ ಕಟ್ಟನ್ನು ಗವಸು ಹಾಕಿ ಇಳಿಸಿ ಸುಣ್ಣ ಹಾಕಿ ಆಳವಾಗಿ ಹೂಳಿ. ನೀವು ಯಾರ ಮನೆಯ ದನಕ್ಕೂ ಇನ್ನು ಕೈ ಹಾಕಬೇಡಿ.

ನನಗೆ ಭಯವಾಗುತ್ತಿದೆ ಮಾವ. ಇದನ್ನು ಚಂದ ಮಾಡಿ ಬರೆಯಲು ಬರುವುದಿಲ್ಲ.

ನಿಖಿತಾ


ಆಲಂಕಾರು
೨೭ ಅಕ್ಟೋಬರ್ ೨೦೨೪

ನಿಖಿತಾ,

ನಿನ್ನ ಪತ್ರ ಕಂಡು ಮೊದಲು ಸಿಟ್ಟು ಬಂತು. ಇಷ್ಟು ಕಾಲ ದನದ ಒಡನೆ ಬಾಳಿದವನಿಗೆ ಮೊನ್ನೆ ಹುಟ್ಟಿದವಳು ಕೈ ಹಾಕಬೇಡ ಎಂದು ಬರೆಯುವುದಾ? ಎರಡು ದಿನ ಪತ್ರವನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟೆ. ಕೊನೆಗೆ ಸುಪ್ರಿತಾ ವಾಂತಿ ಮಾಡಿಕೊಂಡು ಹೊಸ್ತಿಲ ಮೇಲೆ ಕುಳಿತದ್ದನ್ನು ನೋಡಿ ನಾನೇ ಜೀಪು ಮಾಡಿಸಿದೆ.

ಪುತ್ತೂರಿನಲ್ಲಿ ಎಲ್ಲರ ರಕ್ತ ಕೊಟ್ಟೆವು. ಗುಲಾಬಿ ಬಣ್ಣದ ದ್ರವಕ್ಕೆ ಒಂದು ಹನಿ ಬೆರೆಸಿ ನೋಡುತ್ತಾರೆ. ನನ್ನದು ಹಾಲು ಒಡೆದ ಹಾಗೆ ಒಡೆಯಿತು. ಉಳಿದ ನಾಲ್ವರದೂ ಒಡೆಯಲಿಲ್ಲ. ಸುಪ್ರಿತಾಳದ್ದಂತೂ ಎರಡು ಸಲ ನೋಡಿಸಿದೆ. ಡಾಕ್ಟರ್ ನನ್ನ ಕಿವಿಯ ಹತ್ತಿರ ಬಂದು ಕೂಗಿದರು: "ಸೊಸೆಗೆ ಎಂತದ್ದೂ ಇಲ್ಲ ರೈಗಳೇ, ನಿಮಗೆ ಮಾತ್ರ!" ನನಗೆ ರೋಗ ಉಂಟು ಎಂದು ಕೇಳಿ ಅಷ್ಟು ಖುಷಿಪಟ್ಟ ಮನುಷ್ಯ ಬೇರೆ ಇರಲಿಕ್ಕಿಲ್ಲ. ಮನೆಗೆ ಬಂದ ಮೇಲೆ ನಿನ್ನ ಅತ್ತೆ ಪಾಯಸ ಮಾಡಿದಳು.

ಆರು ವಾರದ ಮಾತ್ರೆ ಶುರುವಾಗಿದೆ. ಮೊದಲ ದಿನ ಉಚ್ಚೆ ಕೆಂಪಗೆ ಹೋದದ್ದು ನೋಡಿ ಜೀವ ಬಾಯಿಗೆ ಬಂತು. ಮಾತ್ರೆಯ ಬಣ್ಣವಂತೆ, ಮೊದಲೇ ಹೇಳಬಾರದಾ ಅವರು! ಪಶುವೈದ್ಯರು ಬಂದು ಬೊಳ್ಳಿ, ಕೆಂಪಿ ಎರಡಕ್ಕೂ ರೋಗ ಉಂಟೆಂದು ಬೇರೆ ಕಟ್ಟಿಸಿದ್ದಾರೆ. ಮರದ ಕಟ್ಟನ್ನು ಕೌಶಲ್ ಇಳಿಸಿ ಹೂಳಿದ.

ಹಾಗಾಗಿ ಮಗಾ, ಒಬ್ಬ ಸಿಕ್ಕಿದ, ಅದು ನಾನು. ಇನ್ನೊಂದು ಹಳದಿ ನಿನ್ನ ತಟ್ಟೆಯ ತಪ್ಪು. ಅಲ್ಲಿಗೆ ಮುಗಿಯಿತು ಎಂದು ತಿಳಿದುಕೊಳ್ಳುತ್ತೇನೆ.

ಮಾವ


ಮಂಗಳೂರು
೨ ನವೆಂಬರ್ ೨೦೨೪

ಮಾವ,

ಮುಗಿಯಲಿಲ್ಲ.

ನಿಮ್ಮ ಪತ್ರ ಓದಿ ನಾನೂ ಒಂದು ಗಳಿಗೆ ಪಾಯಸ ತಿಂದಷ್ಟು ಸಂತೋಷಪಟ್ಟೆ. ಆಮೇಲೆ ತಟ್ಟೆಯನ್ನು ಮತ್ತೆ ಮಾಡಿದೆ. ಎರಡೂ ಗುಳಿ ಹಳದಿ, ಒಂದು ಇನ್ನೊಂದಕ್ಕಿಂತ ಕಡಿಮೆ ಅಲ್ಲ. ಮೇಡಂ ಕೂಡ ತಮ್ಮ ಕೈಯಿಂದಲೇ ಮಾಡಿ ನೋಡಿದರು. ಪುತ್ತೂರಿನ ಡಾಕ್ಟರದ್ದು ತಪ್ಪಲ್ಲ, ಆ ಗುಲಾಬಿ ಪರೀಕ್ಷೆಯ ಗುಣವೇ ಹಾಗೆ. ರೋಗ ಹಳತಾಗಿ ಮೈಯೊಳಗೆ ಅಡಗಿ ಕುಳಿತರೆ ಅದರ ಕಣ್ಣಿಗೆ ಬೀಳದೆ ಹೋಗಬಹುದು. ಲುಂಗಿ ಉಟ್ಟ ತ್ಯಾಂಪಣ್ಣ ಎಂದು ಬರೆದಿದ್ದೆನಲ್ಲ, ಅದೇ. ಆಗ ತಮಾಷೆಗೆ ಬರೆದಿದ್ದೆ.

ಅತ್ತೆ, ಭಾವ, ಸುಪ್ರಿತಕ್ಕ, ಚೆನ್ನು. ನಾಲ್ವರಲ್ಲಿ ಒಬ್ಬರು. ದಿನವಿಡೀ ನಾನು ನಾಲ್ಕು ಮುಖಗಳನ್ನೂ ಒಂದೊಂದಾಗಿ ನೆನೆಯುತ್ತೇನೆ. ಅತ್ತೆಗೇ ಇರಲಿ ದೇವರೇ ಎಂದು ಒಮ್ಮೆ ಬೇಡಿಕೊಂಡೆ ಮಾವ. ನನ್ನನ್ನು ಎತ್ತಿ ಆಡಿಸಿದ ಅತ್ತೆಗೆ! ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಸುಪ್ರಿತಕ್ಕನಿಗೆ ಫೋನ್ ಮಾಡಿದೆ. ಅತ್ತೆ ಫೋನ್ ಕಸಿದುಕೊಂಡು, "ನಿನಗೆ ಓದಿ ಓದಿ ಮರುಳು. ಬಸುರಿ ಹೆಂಗಸಿಗೆ ಇಂಥದ್ದೆಲ್ಲ ಹೇಳುದಾ? ಇನ್ನು ಅವಳಿಗೆ ಒಂದು ಸೂಜಿಯೂ ಚುಚ್ಚಿಸುದಿಲ್ಲ ನಾನು" ಎಂದು ಇಟ್ಟುಬಿಟ್ಟರು. ಭಾವ ಎತ್ತುವುದೇ ಇಲ್ಲ.

ಇನ್ನು ಉಳಿದಿರುವುದು ನೀವೊಬ್ಬರು. ರಕ್ತವನ್ನು ಬಾಟಲಿಯಲ್ಲಿಟ್ಟು ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ ಉಂಟು. ಅದಕ್ಕೆ ದಿನ ಹಿಡಿಯುತ್ತದೆ, ಆದರೆ ಬೆಳೆದರೆ ಯಾರೂ ಇಲ್ಲ ಎನ್ನುವ ಹಾಗಿಲ್ಲ. ಬಸುರಿಯರಿಗೆ ಕೊಡಬಹುದಾದ ಮಾತ್ರೆಯೂ ಉಂಟು. ತಡವಾದರೆ ಮಾತ್ರ... ಕೆಂಪಿಗೆ ಆದದ್ದನ್ನು ನೀವು ಕಂಡಿದ್ದೀರಿ. ಹೆಸರು ತೆರೆಯಲು ಮೇಡಂ ಸಮಿತಿಗೆ ಬರೆದಿದ್ದಾರೆ. ಸಮಿತಿಗಾಗಿ ಕಾಯಬೇಡಿ.

ಅವಳನ್ನು ಕರೆದುಕೊಂಡು ಬನ್ನಿ ಮಾವ. ಕಾಲು ಹಿಡಿಯುತ್ತೇನೆ.

ನಿಖಿತಾ


ಮಂಗಳೂರು, ಆಸ್ಪತ್ರೆಯಿಂದ
೨೦ ನವೆಂಬರ್ ೨೦೨೪

ಮಗಾ,

ನೀನು ಮೇಲೆ ಲ್ಯಾಬಿನಲ್ಲಿ ಇದ್ದೀ, ನಾನು ಕೆಳಗೆ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಹೇಳಿದರೆ ನನ್ನ ಧ್ವನಿ ಎಷ್ಟು ದೊಡ್ಡದಾಗುತ್ತದೆಂದು ನನಗೇ ತಿಳಿಯುವುದಿಲ್ಲ. ಇಡೀ ವಾರ್ಡಿಗೆ ಕೇಳುವುದು ಬೇಡ.

ನಿನ್ನ ಪತ್ರ ಬಂದ ಮೇಲೆ ನಾಲ್ಕೈದು ದಿನ ಅದನ್ನು ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಒಂದು ಸಂಜೆ ನಿನ್ನ ಅತ್ತೆ ತರಕಾರಿ ತರಲು ಪೇಟೆಗೆ ಹೋಗಿದ್ದಳು. ಸುಪ್ರಿತಾ ಜಗಲಿಯಲ್ಲಿ ಹೊದೆದುಕೊಂಡು ಕುಳಿತಿದ್ದಳು. ಇಡೀ ಪತ್ರ ಅವಳ ಕೈಗೇ ಕೊಟ್ಟೆ. ಓದಿದಳು. ಬೊಬ್ಬೆ ಹಾಕುತ್ತಾಳೆ ಎಂದುಕೊಂಡಿದ್ದೆ. ಹತ್ತಿರ ಬಂದು ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು:

"ಮಾವ, ನಂಗೂ ಸಂಜೆ ಸಂಜೆ ಮೈ ಬೆಚ್ಚಗಾಗ್ತದೆ. ಮಳೆಗಾಲಕ್ಕಿಂತ ಮೊದಲೇ ಶುರುವಾದದ್ದು. ಎದ್ದು ಓಡಾಡುವವರಿಗೆ ಬಂದದ್ದು ಜ್ವರ ಅಲ್ಲ ಅಂತ ನೀವು ಹೇಳ್ತೀರಲ್ಲ, ಹಾಗೆ ನಾನು ಹೇಳ್ಲಿಲ್ಲ."

ಈ ಕಿವಿಗೆ ಗುಡುಗು ಕೇಳುವುದಿಲ್ಲ ಮಗಾ. ಆ ಮಾತು ಮಾತ್ರ ಪೂರಾ ಕೇಳಿತು. ಮರುದಿನ ಹೊರಡುವುದೆಂದು ಇತ್ಯರ್ಥ ಮಾಡಿದೆವು. ಬೆಳಿಗ್ಗೆ ನೋಡಿದರೆ ಅವಳ ಸೀರೆಯಲ್ಲಿ ರಕ್ತದ ಕಲೆ. ಸ್ವಲ್ಪವೇ. ನಿನ್ನ ಅತ್ತೆ ಅದನ್ನು ಕಂಡ ಮೇಲೆ ತಾನೇ ಚೀಲ ತುಂಬಿಸಿದಳು. ಉಪ್ಪಿನಂಗಡಿ ದಾಟುವಾಗ ಹೊಳೆಗಳ ಸಂಗಮದ ಕಡೆಗೆ ಕೈ ಮುಗಿದಳು. ಕೌಶಲ್ ಕಾರು ಓಡಿಸುವಾಗ ಅಳುತ್ತಿದ್ದ, ರಸ್ತೆಯ ಹೊಂಡಗಳಿಗೆ ಬೈಯುತ್ತಿದ್ದ.

ಈಗ ಅವಳನ್ನು ಮಲಗಿಸಿದ್ದಾರೆ. ಮಗುವಿನ ಎದೆ ಬಡಿತ ಉಂಟಂತೆ. ರಕ್ತ ಬಾಟಲಿಗೆ ಹೋಗಿದೆ. ನನಗೆ ಒಂದೇ ಹೇಳು: ಬೊಳ್ಳಿಯ ಮಾಸಿನ ಆ ಕಟ್ಟನ್ನು ಕಟ್ಟಲು ನಾನು ಹೇಳದೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ ಅಲ್ಲವಾ? ಸುಳ್ಳು ಸಮಾಧಾನ ಬೇಡ.

ಮಾವ


ಮಂಗಳೂರು
೫ ಡಿಸೆಂಬರ್ ೨೦೨೪

ಮಾವ,

ನೀವು ದನಗಳನ್ನು ನೋಡಲು ಊರಿಗೆ ಹೋದ ಮೇಲೆ ಬಾಟಲಿಯಲ್ಲಿ ಬೆಳೆಯಿತು. ಅದೇ ರೋಗಾಣು. ನಿನ್ನೆ ಸಮಿತಿಯವರೂ ಒಪ್ಪಿದರು, ಮೇಡಂ ಟ್ಯೂಬುಗಳ ಹೆಸರು ತೆರೆದರು. ಎರಡು ಹಳದಿ ಟ್ಯೂಬುಗಳಲ್ಲಿ ಒಂದು ನಿಮ್ಮದು, ಇನ್ನೊಂದು ಸುಪ್ರಿತಕ್ಕನದು. ಜೂನ್ ತಿಂಗಳಲ್ಲಿ ತೆಗೆದ ರಕ್ತ ಅಂದಿನಿಂದಲೂ ಹೇಳುತ್ತಲೇ ಇತ್ತು. ನಾನು ಪೆಪ್ಟೈಡನ್ನು ಬೈಯುತ್ತ ಕುಳಿತೆ.

ಲ್ಯಾಬಿನವರು ಬಂದು ಕೈ ಕುಲುಕಿದರು. ಹಳೆಯ ಪರೀಕ್ಷೆ ಬಿಟ್ಟದ್ದನ್ನು ನಮ್ಮದು ಹಿಡಿಯಿತಲ್ಲ, ಅದಕ್ಕೆ. ಒಬ್ಬನಂತೂ "ಪಾರ್ಟಿ ಯಾವಾಗ?" ಎಂದ. ಮೇಡಂ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡು ನನ್ನನ್ನು ಅಳಲು ಬಿಟ್ಟರು.

ಮಾತ್ರೆ ಶುರುವಾಗಿದೆ. ರಕ್ತ ಹೋಗುವುದು ನಿಂತಿದೆ. ಮಗು ಉಳಿಯುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಉಳಿಯುವುದಿಲ್ಲ ಎಂದೂ ಹೇಳುವುದಿಲ್ಲ. ನೀವು ಕೇಳಿದ್ದಕ್ಕೆ ಉತ್ತರ: ಹೌದು, ಆ ಕಟ್ಟಿನಿಂದಲೇ ಬಂದಿರಬೇಕು. ಸುಳ್ಳು ಹೇಳುವುದಿಲ್ಲ. ಆದರೆ ಅವಳನ್ನು ಇಲ್ಲಿಗೆ ತಂದವರೂ ನೀವೇ.

ಇನ್ನೊಂದು ವಿಷಯ ಈಗಲೇ ತಿಳಿದಿರಲಿ. ಮಗು ಹುಟ್ಟಿದ ಮೇಲೆ ಅದರ ರಕ್ತವೂ ನಮ್ಮ ತಟ್ಟೆಯಲ್ಲಿ ಹಳದಿಯಾಗುತ್ತದೆ. ತಾಯಿಯ ರಕ್ತದ ಗುರುತು ಮಗುವಿಗೂ ದಾಟಿರುತ್ತದೆ, ಕೆಲವು ತಿಂಗಳು ಹಾಗೇ ಇರುತ್ತದೆ. ಅದನ್ನು ನೋಡಿ ಹೌದು, ಅಲ್ಲ ಎನ್ನಲು ಬರುವುದಿಲ್ಲ. ಬಾಟಲಿಯಲ್ಲೇ ಬೆಳೆಸಿ ನೋಡಬೇಕು, ಮತ್ತೆ ಕಾಯಬೇಕು.

ನಿಖಿತಾ


ಆಲಂಕಾರು
೨೫ ಜನವರಿ ೨೦೨೫

ಮಗಾ,

ಸುಪ್ರಿತಾ ಮನೆಗೆ ಬಂದು ಒಂದು ತಿಂಗಳಾಗುತ್ತ ಬಂತು. ಹೊಟ್ಟೆ ಕಾಣಿಸುತ್ತದೆ. ಬಯಕೆಯ ಶಾಸ್ತ್ರವನ್ನು ಗದ್ದಲವಿಲ್ಲದೆ ಮಾಡಿದೆವು. ಹಸಿರು ಬಳೆ ತೊಡಿಸುವಾಗ ನಿನ್ನ ಅಮ್ಮ ನಗಿಸಲು ನೋಡಿದಳು, ಯಾರೂ ಜೋರಾಗಿ ನಗಲಿಲ್ಲ. ಎಲ್ಲರೂ ಒಬ್ಬರಿಗೊಬ್ಬರು ಕಾಣದ ಹಾಗೆ ಅವಳ ಹಣೆ ಮುಟ್ಟಿ ನೋಡುತ್ತಾರೆ. ಪಾಪ, ಒಂದು ದಿನ "ನನ್ನ ಹಣೆ ಎಂತ ದೇವಸ್ಥಾನದ ಗಂಟೆಯಾ?" ಎಂದು ಕೇಳಿದಳಂತೆ.

ನನ್ನ ಮಾತ್ರೆ ಮುಗಿದಿದೆ. ಸೊಂಟನೋವು ಇಳಿದಿದೆ, ಬನಿಯನು ಒಣಗಿರುತ್ತದೆ. ಬೊಳ್ಳಿ, ಕೆಂಪಿ ಬೇರೆ ಕೊಟ್ಟಿಗೆಯಲ್ಲೇ ಇವೆ, ನೋಡಿಕೊಳ್ಳುವುದು ನಾನೊಬ್ಬನೇ. ಚೆನ್ನು ದೂರದಿಂದ ಹುಲ್ಲು ಎಸೆಯುತ್ತಾಳೆ. ಮೊನ್ನೆ ಪ್ರೇಮನಾಥ ಓಡಿ ಬಂದ, ದನ ಕರು ಹಾಕಲಾಗದೆ ಒದ್ದಾಡುತ್ತಾ ಉಂಟೆಂದು. "ಡಾಕ್ಟರನ್ನು ಕರಿ, ನಾನು ಬರುದಿಲ್ಲ" ಎಂದೆ. ಕೊನೆಗೆ ಹೋಗಿ ಗೇಟಿನ ಹೊರಗೆ ನಿಂತು, ಮಾಸು ಮುಟ್ಟಬೇಡಿ, ಮರಕ್ಕೆ ಕಟ್ಟಬೇಡಿ, ಹೂಳಿ ಎಂದು ಬೊಬ್ಬೆ ಹಾಕಿ ಬಂದೆ. ಇವನ ತಲೆ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಾರಂತೆ. ನನಗೆ ಕೇಳುವುದಿಲ್ಲವಲ್ಲ, ಅಷ್ಟು ಒಳ್ಳೆಯದು.

ಈಗ ದಿನಕ್ಕೆ ಎಷ್ಟು ಸಲ ಕೈ ತೊಳೆಯುತ್ತೇನೋ. ಮಗು ಹುಟ್ಟಿದರೂ ನಾನು ಎತ್ತಿಕೊಳ್ಳುವುದಿಲ್ಲ ಎಂದು ನಿನ್ನ ಅತ್ತೆಗೆ ಹೇಳಿದ್ದೇನೆ. ಅವಳು ಗದರಿಸಿದಳು. ಈ ಕೈಯ ಮೇಲೆ ನನಗೆ ನಂಬಿಕೆ ಹೋಗಿದೆ, ಮಗಾ.

ಮಾವ


ಪುತ್ತೂರು, ಆಸ್ಪತ್ರೆಯಿಂದ
೨೯ ಮಾರ್ಚ್ ೨೦೨೫

ನಿಖಿತಾ ಮಗಾ,

ಹೆಣ್ಣು ಮಗು. ಅವಸರದವಳು, ದಿನ ತುಂಬುವವರೆಗೆ ಕಾಯಲಿಲ್ಲ. ತೂಕ ಕಡಿಮೆ, ಆದರೆ ಉಸಿರು ಸರಿಯಾಗಿದೆ. ಸುಪ್ರಿತಾ ಸುಧಾರಿಸುತ್ತಿದ್ದಾಳೆ. ಇದೆಲ್ಲ ನಿನಗೆ ಫೋನಿನಲ್ಲಿ ಗೊತ್ತಾಗಿರುತ್ತದೆ. ಗೊತ್ತಾಗದ್ದನ್ನು ಬರೆಯುತ್ತೇನೆ.

ಹೆರಿಗೆ ಕೋಣೆಯ ಹೊರಗೆ ನಾವೆಲ್ಲ ಕುಳಿತಿದ್ದೆವು. ಒಮ್ಮೆಲೇ ಎಲ್ಲರೂ ಎದ್ದು ನಿಂತರು, ನಿನ್ನ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಕೆಟ್ಟ ಸುದ್ದಿಯೇ ಎಂದು ತಿಳಿದೆ. ಕೆಂಪಿಯ ಕಂದು ನೆಲದಲ್ಲಿ ಬಿದ್ದದ್ದೇ ಕಣ್ಣಿಗೆ ಕಟ್ಟಿತು, ಗೋಡೆ ಹಿಡಿದೆ. ಕೌಶಲ್ ಬಂದು ನನ್ನ ಕಿವಿಗೆ ಕೂಗಿದ ಮೇಲೆಯೇ ತಿಳಿದದ್ದು, ಅವರಿಗೆ ಕೇಳಿದ್ದು ಮಗುವಿನ ಅಳು ಎಂದು. ನನಗೆ ಕೇಳಲಿಲ್ಲ.

ಮಗುವಿನ ರಕ್ತ ಬಾಟಲಿಗೆ ಹಾಕಿದ್ದಾರೆ. ಉತ್ತರ ಬಂದಿಲ್ಲ. ನೀನು ಹೇಳಿದ ಹಾಗೆ ಕಾಯುತ್ತಿದ್ದೇವೆ.

ಇವತ್ತು ಸಂಜೆ ಎಲ್ಲರೂ ಕೆಳಗೆ ಚಾ ಕುಡಿಯಲು ಹೋಗಿದ್ದರು. ನಾನು ಬಾಗಿಲ ಹತ್ತಿರ, ದೂರದಲ್ಲೇ ಕುಳಿತಿದ್ದೆ. ಸುಪ್ರಿತಾ ಕೈ ಸನ್ನೆ ಮಾಡಿ ಕರೆದಳು. ಕೈ ತೊಳೆದು ಬಂದಿಲ್ಲ ಎಂದೆ. ಮೂಲೆಯ ನಲ್ಲಿ ತೋರಿಸಿದಳು. ತೊಳೆದೆ, ಸೋಪು ಹಾಕಿ ಮತ್ತೊಮ್ಮೆ ತೊಳೆದೆ. ಇನ್ನೇನು ನೆಪ ಹೇಳುವುದೆಂದು ಹುಡುಕುತ್ತಿರುವಾಗ ಮಗುವನ್ನು ಎತ್ತಿ ನನ್ನ ಕೈಗೆ ಇಟ್ಟೇಬಿಟ್ಟಳು. "ನಿಮ್ಮ ಕೈಯಲ್ಲೇ ಇರ್ಲಿ ಮಾವ" ಎಂದದ್ದು ತುಟಿಯಲ್ಲಿ ಕಂಡಿತು.

ಎಷ್ಟೋ ಕರು ಹಿಡಿದ ಕೈಯನ್ನು ಅವಳ ಬೆನ್ನಿನ ಕೆಳಗೆ ಅಗಲಿಸಿ ಹಿಡಿದೆ. ಮಗು ಬಾಯಿ ತೆರೆದಳು, ಮುಖ ಕೆಂಪಾಯಿತು. ಅಳುತ್ತಾಳೆಂದು ಕಂಡಿತು, ಕೇಳಲಿಲ್ಲ. ಆದರೆ ಆ ಅಳು ಅವಳ ಬೆನ್ನಿನಿಂದ ನನ್ನ ಅಂಗೈಗೆ ಬರುತ್ತಿತ್ತು, ಸಣ್ಣಗೆ ನಡುಗಿಕೊಂಡು. ಅಷ್ಟು ಹೊತ್ತೂ ನಾನು ಅದನ್ನು ಕೈಯಲ್ಲೇ ಕೇಳಿದೆ.

ಆಮೇಲೆ ಹೆದರಿಕೆಯಾಯಿತು. ಮಗುವಿನ ಮೈ ಬಿಸಿಯಾಗಿತ್ತು. ಹಣೆ ಮುಟ್ಟಿದೆ, ಬಿಸಿ. ಹೊಟ್ಟೆ ಮುಟ್ಟಿದೆ, ಬಿಸಿ. ಈ ಸಲ ನಾನು ಬಾಯಿ ಮುಚ್ಚಿ ಕೂರಲಿಲ್ಲ ಮಗಾ. ಮಗುವನ್ನು ಎದೆಗೆ ಒತ್ತಿ ಹಿಡಿದು ಬಾಗಿಲಿಗೆ ಹೋಗಿ "ಜ್ವರ! ಮಗುವಿಗೆ ಜ್ವರ ಬಂದಿದೆ!" ಎಂದು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕೂಗಿದೆ. ನರ್ಸ್ ಓಡಿ ಬಂದಳು, ಕಂಕುಳಿಗೆ ಕಡ್ಡಿ ಇಟ್ಟು ನೋಡಿದಳು. ನನ್ನ ಎರಡೂ ಕೈ ಹಿಡಿದು ನೋಡಿದಳು. ಮತ್ತೆ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದಳು:

"ಮಗು ಬೆಚ್ಚಗೆ ಇರುದೇ ಅಜ್ಜ. ಜ್ವರ ಇಲ್ಲ. ನಿಮ್ಮ ಕೈ ತಣ್ಣಗುಂಟು."

ನಿನ್ನ ಮಾವ,
ತ್ಯಾಂಪಣ್ಣ ರೈ